ಪ್ರೀತಿ ಇದ್ದರೆ ಸಾಲದು, ಹೊರಳಿಸುವುದೂ ಗೊತ್ತಿರಬೇಕು

ಲಕ್ವ ಹೊಡೆದು ಮಲಗಿದವರನ್ನು ಎಬ್ಬಿಸಲು ಮನೆಯವರು ಮೊದಲು ಹಿಡಿಯುವುದು ಕೈಯನ್ನು. ಅದರಲ್ಲೂ ಸ್ವಾಧೀನ ತಪ್ಪಿದ ಕೈಯನ್ನೇ. ಬಲವಿಲ್ಲದ ಕಡೆಗೆ ಆಸರೆ ಬೇಕು ಎಂಬುದು ಅವರ ಲೆಕ್ಕ. ಮಗ ಒಂದು ಕಡೆಯಿಂದ ರಟ್ಟೆ ಹಿಡಿಯುತ್ತಾನೆ, ಸೊಸೆ ಇನ್ನೊಂದು ಕಡೆಯಿಂದ ಕಂಕುಳಿಗೆ ಕೈ ಕೊಡುತ್ತಾಳೆ, ಇಬ್ಬರೂ ಸೇರಿ ಎಳೆಯುತ್ತಾರೆ. ಭುಜದ ಕೀಲನ್ನು ಬಿಗಿಯಾಗಿ ಹಿಡಿದಿಡಬೇಕಾದ ಸ್ನಾಯುಗಳು ಆ ಹೊತ್ತಿಗೆ ಸಡಿಲವಾಗಿರುತ್ತವೆ. ಎಳೆದ ರಭಸಕ್ಕೆ ಕೀಲು ತನ್ನ ಗೂಡಿನಿಂದ ಜಾರುತ್ತದೆ. ಅಲ್ಲಿಯವರೆಗೆ ನೋವಿನ ಮಾತೇ ಎತ್ತದಿದ್ದ ಮನುಷ್ಯ ಅಂದಿನಿಂದ ರಾತ್ರಿಯೆಲ್ಲ ಭುಜ ಹಿಡಿದುಕೊಂಡು ನರಳತೊಡಗುತ್ತಾನೆ.

ನೀರು ಕುಡಿಸುವುದೂ ಹಾಗೆಯೇ. ತುಟಿ ಒಣಗಿದೆಯಲ್ಲ ಎಂದು ಮರುಗಿ, ಮಲಗಿದಲ್ಲಿಯೇ ಬಾಯಿಗೆ ಚಮಚದಿಂದ ನೀರು ಬಿಡುತ್ತಾರೆ. ನುಂಗುವ ಶಕ್ತಿ ಕುಂದಿದವರಲ್ಲಿ ಅದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯುತ್ತದೆ, ಎಷ್ಟೋ ಸಲ ಒಂದು ಕೆಮ್ಮು ಕೂಡ ಬಾರದಂತೆ. ಆಮೇಲೆ ಜ್ವರ, ಎದೆಯಲ್ಲಿ ಗೊರಗೊರ, ನ್ಯುಮೋನಿಯಾ. ಸೊಂಟದ ಕೆಳಗೆ ಕೆಂಪಾಗಿದೆ ಎಂದು ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವವರನ್ನೂ ನೋಡಿದ್ದೇನೆ. ಒತ್ತಡಕ್ಕೆ ಸಿಕ್ಕಿ ರಕ್ತವಿಲ್ಲದೆ ಒಳಗೊಳಗೇ ಸಾಯುತ್ತಿರುವ ಚರ್ಮವನ್ನು ತಿಕ್ಕಿದರೆ ಅದು ಇನ್ನಷ್ಟು ಬೇಗ ಹರಿಯುತ್ತದೆ. ಈ ಮೂರನ್ನೂ ಮಾಡುವವರು ಮನಸ್ಸಿಟ್ಟು ನೋಡಿಕೊಳ್ಳುವ ಮಕ್ಕಳು, ಸೊಸೆಯಂದಿರು. ಅಂಥ ಮನೆಗಳ ಕಣ್ಣೀರು ಕಂಡೇ ನಾನು ಇದನ್ನು ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆಯ ನವನಗರದವಳು. ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು, ಕೈಕಾಲು ಸೋತ ಹಿರಿಯರನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಅದಕ್ಕೂ ಮೊದಲು ಹೊಲಿಗೆ ಯಂತ್ರದ ಮುಂದೆ ಕೂತು ಬದುಕಿದವಳು. ಕೋವಿಡ್ ಕಾಲದಲ್ಲಿ ಮದುವೆಗಳು ನಿಂತು, ಕುಪ್ಪಸ ಹೊಲಿಸುವವರೇ ಇಲ್ಲವಾದಾಗ ಈ ಕಡೆ ಕಣ್ಣು ಹೊರಳಿತು. 2021ರ ಜೂನ್ 18ರಂದು ಪ್ರಧಾನಿಯವರು ಕೋವಿಡ್ ಮುಂಚೂಣಿ ಕಾರ್ಯಕರ್ತರಿಗೆಂದು ಅಲ್ಪಾವಧಿ ತರಬೇತಿ ಯೋಜನೆಯನ್ನು ಉದ್ಘಾಟಿಸಿದರು. 26 ರಾಜ್ಯಗಳ 111 ಕೇಂದ್ರಗಳು, ಆರು ಬಗೆಯ ಕೆಲಸ. ಆ ಆರರಲ್ಲಿ ಮೊದಲನೆಯದು ಮನೆಯಲ್ಲಿ ರೋಗಿಯ ಆರೈಕೆ. ಇದನ್ನೂ ಒಂದು ಪಾಠವಾಗಿ ಕಲಿಸುತ್ತಾರೆ, ಪರೀಕ್ಷೆ ಇಟ್ಟು ಪ್ರಮಾಣಪತ್ರ ಕೊಡುತ್ತಾರೆ ಎಂಬುದು ನನಗೆ ಗೊತ್ತಾದದ್ದೇ ಆಗ. ನಾನು ಸೇರಿದ್ದು ಅದಾದ ಮೇಲೆ, ಬೇರೊಂದು ಬ್ಯಾಚಿಗೆ. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯ ಪಟ್ಟಿಯಲ್ಲಿ ಆಸ್ಪತ್ರೆಯ ವಾರ್ಡಿಗೆ ಜನರಲ್ ಡ್ಯೂಟಿ ಅಸಿಸ್ಟೆಂಟ್, ಮನೆಗೆ ಹೋಮ್ ಹೆಲ್ತ್ ಏಡ್ ಎಂದು ಎರಡು ಹೆಸರುಗಳಿವೆ. ನಮ್ಮ ಊರಿನಲ್ಲಿ ಎರಡಕ್ಕೂ ಒಂದೇ ಮಾತು: ಪೇಷಂಟ್ ನೋಡಿಕೊಳ್ಳುವವಳು.

ನಮಗೆ ಕಲಿಸಿದವರು ನಿವೃತ್ತ ಹೆಡ್ ನರ್ಸ್. ವಾರ್ಡಿನಲ್ಲಿ ಒಂದು ಜೀವಮಾನ ಕಳೆದವರು, ದನಿ ಏರಿಸದೆ ಇಡೀ ಕೋಣೆಯನ್ನು ಹಿಡಿದಿಡುವವರು. ಮೊದಲ ವಾರ ಪುಸ್ತಕವನ್ನೇ ತೆರೆಯಿಸಲಿಲ್ಲ. ಕೈ ತೊಳೆಯುವುದು, ಹಾಸಿಗೆ ಹಾಸುವುದು, ಮತ್ತೆ ಕೈ ತೊಳೆಯುವುದು. ಸೋಪು ನೀರಿನಲ್ಲಿ ನಲವತ್ತರಿಂದ ಅರವತ್ತು ಸೆಕೆಂಡು: ಬೆರಳ ಸಂದು, ಹೆಬ್ಬೆರಳ ಬುಡ, ಉಗುರ ತುದಿ. ಬಳೆ ಉಂಗುರ ಕಳಚಿಟ್ಟು ಬರಬೇಕು. ಹಾಸಿಗೆಯ ಚಾದರಿನಲ್ಲಿ ಒಂದು ಮಡಿಕೆ ಉಳಿದಿದ್ದರೂ ಎಲ್ಲವನ್ನೂ ತೆಗೆಸಿ ಮತ್ತೆ ಹಾಸಿಸುತ್ತಿದ್ದರು. ಬ್ಯಾಚಿನಲ್ಲಿದ್ದ ಹುಡುಗನೊಬ್ಬ ಬೇಸರಗೊಂಡು, “ಮೇಡಂ, ಒಂದು ಮಡಿಕೆಯಿಂದ ಏನಾಗುತ್ತದೆ?” ಎಂದು ಕೇಳಿದ. ಅವರು ಉತ್ತರ ಕೊಡಲಿಲ್ಲ. ಚಾದರಿನ ಅಂಚನ್ನು ಹುರಿಯಾಗಿ ಮಡಚಿ ಮಂಚದ ನಡುವೆ ಇಟ್ಟು, ಅವನನ್ನು ಅದರ ಮೇಲೆ ಮಲಗಿಸಿ, “ಪಾಠ ಮುಗಿಯುವ ತನಕ ಅಲುಗಾಡಬಾರದು” ಎಂದರು. ಸ್ವಲ್ಪ ಹೊತ್ತಿಗೆಲ್ಲ ಅವನ ಮುಖ ಬದಲಾಯಿತು. ತಾನಾಗಿ ಹೊರಳಬಲ್ಲ ಗಟ್ಟಿ ದೇಹದ ಹುಡುಗ ಅವನು. ಹೊರಳಲಾಗದವರ ಪಾಡು ಏನು ಎಂದು ಬಾಯಿ ಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ.

ಊಟ ಮಾಡಿಸುವುದನ್ನು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಿದೆವು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತರೆ ಎದುರಿನವರು ತಿನ್ನಿಸಬೇಕು. ಯಾವಾಗ ಚಮಚ ಬರುತ್ತದೆ, ಅದರಲ್ಲಿ ಏನಿದೆ, ಬಿಸಿಯೋ ತಣ್ಣಗೋ ಒಂದೂ ತಿಳಿಯದು. ಹಲ್ಲಿಗೆ ಚಮಚ ತಾಗಿದಾಗ ಮೈ ಜುಮ್ಮೆನ್ನುತ್ತದೆ. ನಿಂತುಕೊಂಡು ತಿನ್ನಿಸಿದರೆ ರೋಗಿಯ ಗದ್ದ ತಾನಾಗಿ ಮೇಲೇಳುತ್ತದೆ, ಗಂಟಲಿನ ದಾರಿ ಅಪಾಯಕ್ಕೆ ತೆರೆದುಕೊಳ್ಳುತ್ತದೆ. ಆದ್ದರಿಂದ ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು, ಚಮಚ ಕೆಳಗಿನಿಂದ ಬರಬೇಕು, ಗದ್ದ ಎದೆಯ ಕಡೆಗೆ ಬಾಗಿರಬೇಕು, ನುಂಗಿದ್ದು ಖಾತ್ರಿಯಾದ ಮೇಲೆಯೇ ಮುಂದಿನ ತುತ್ತು. ಊಟವಾದ ಮೇಲೆ ಕನಿಷ್ಠ ಅರ್ಧ ಗಂಟೆ ಕೂರಿಸಿಯೇ ಇರಬೇಕು. ಬೇರೆಯವರ ಕೈಯಿಂದ ತಿನ್ನುವುದು ಎಷ್ಟು ಅಸಹಾಯಕ ಸ್ಥಿತಿ ಎಂಬುದನ್ನು ಒಮ್ಮೆ ಅನುಭವಿಸಿದವರು ಯಾರ ಬಾಯಿಗೂ ಅವಸರದಿಂದ ತುತ್ತು ತುರುಕುವುದಿಲ್ಲ. ಎಲ್ಲ ಪಾಠಗಳಲ್ಲಿ ಇದೇ ದೊಡ್ಡದು ಎಂದು ನನಗೆ ಇಂದಿಗೂ ಅನಿಸುತ್ತದೆ.

ನಾಡಿ ಎಣಿಸುವುದು, ಬಿ.ಪಿ. ನೋಡುವುದು, ಉಷ್ಣತೆ ಬರೆದಿಡುವುದು ಬೇಗ ಕೈಗೆ ಹತ್ತಿದವು. ನಿಮಿಷಕ್ಕೆ ಅರವತ್ತರಿಂದ ನೂರು ನಾಡಿ, ಹನ್ನೆರಡರಿಂದ ಇಪ್ಪತ್ತು ಉಸಿರು. ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದು, ಬೆವರಿ, ಮಾತು ತೊದಲಿದರೆ, ಎಚ್ಚರವಿದ್ದು ನುಂಗಬಲ್ಲವರಿಗೆ ತಕ್ಷಣ ಸಕ್ಕರೆ ನೀರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ. ಇವೆಲ್ಲ ಅಂಕಿಗಳು, ಬಾಯಿಪಾಠಕ್ಕೆ ಬರುತ್ತವೆ. ಕಷ್ಟದ್ದು ದೇಹವನ್ನು ಮುಟ್ಟುವುದು. ಪರಿಚಯವಿಲ್ಲದವರ ಮೈ ತೊಳೆಯುವಾಗ ಒಂದು ಸಲಕ್ಕೆ ಒಂದು ಅಂಗವನ್ನಷ್ಟೇ ತೆರೆದು, ಉಳಿದದ್ದನ್ನು ಟವೆಲಿನಿಂದ ಮುಚ್ಚಿಯೇ ಇಡಬೇಕು. ಕಣ್ಣನ್ನು ಮೂಗಿನ ಕಡೆಯಿಂದ ಹೊರಗೆ ಒರೆಸಬೇಕು. ಹೆಂಗಸರನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಇಲ್ಲವಾದರೆ ಮೂತ್ರದ ಸೋಂಕಿನ ಅಪಾಯ ಹೆಚ್ಚು. ಮುಟ್ಟುವ ಮೊದಲು ಏನು ಮಾಡಲಿದ್ದೇನೆ ಎಂದು ಹೇಳಬೇಕು, ಅವರಿಗೆ ಎಚ್ಚರವಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾಗಲೂ.

ಆಸ್ಪತ್ರೆಯಲ್ಲಿ ಕಲಿತದ್ದು ಮನೆಯಲ್ಲಿ ಹಾಗೆಯೇ ನಡೆಯುವುದಿಲ್ಲ. ಈ ವಿಷಯವನ್ನು ಯಾವ ಪಠ್ಯದಲ್ಲೂ ನಾನು ನೋಡಿಲ್ಲ. ಅಲ್ಲಿ ಹಿಡಿಕೆ ತಿರುಗಿಸಿದರೆ ತಲೆಯ ಭಾಗ ಏಳುವ ಮಂಚವಿರುತ್ತದೆ. ಇಲ್ಲಿ ಗಿಡ್ಡ ಮಂಚ, ಗೋಡೆಗೆ ಒತ್ತಿದ ಹತ್ತಿಯ ಗಾದಿ, ಒಂದಡಿ ಕೆಳಗಿರುವ ಬಚ್ಚಲು, ಎತ್ತರದ ಹೊಸ್ತಿಲು. ಗಿಡ್ಡ ಮಂಚದ ಮೇಲೆ ಬಗ್ಗಿ ಬಗ್ಗಿ ನೋಡಿಕೊಂಡವರ ಸೊಂಟ ಬೇಗ ಹೋಗುತ್ತದೆ. ಈ ಕೆಲಸ ಬಿಟ್ಟವರಲ್ಲಿ ಬಹಳ ಜನ ಬಿಟ್ಟಿದ್ದು ಅಸಹ್ಯಪಟ್ಟು ಅಲ್ಲ, ಸೊಂಟ ನೋವಿಗೆ. ಬಡಗಿಯನ್ನು ಕರೆಸಿ, ಮಂಚದ ಕಾಲು ಕೂರುವಷ್ಟು ಗುಳಿ ಇರುವ ನಾಲ್ಕು ಮರದ ದಿಮ್ಮಿಗಳನ್ನು ಮಾಡಿಸಿ, ನಮ್ಮ ಸೊಂಟದ ಮಟ್ಟಕ್ಕೆ ಮಂಚ ಎತ್ತರಿಸಿಕೊಳ್ಳುವುದು ಮೊದಲ ದಿನವೇ ಆಗಬೇಕಾದ ಕೆಲಸ. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಕಟಕಟೆ. ತಾವಾಗಿ ಎದ್ದು ಇಳಿಯಲು ಹವಣಿಸುವ ರೋಗಿಯಾದರೆ ಮಂಚ ಗಿಡ್ಡದಾಗಿಯೇ ಇರಲಿ, ನಾವೇ ಮೊಣಕಾಲೂರಿ ಕೆಲಸ ಮಾಡುವುದು ಒಳ್ಳೆಯದು.

ಹಾಸಿಗೆ ಹುಣ್ಣಿನ ಪಾಠದ ಚಿತ್ರಗಳಲ್ಲಿ ಬಿಳಿ ಚರ್ಮದ ಮೇಲೆ ಕೆಂಪು ಗುಲಾಬಿಯಂತೆ ಕಾಣುವ ಕಲೆ ಇರುತ್ತದೆ. ಬೆರಳಿನಿಂದ ಒತ್ತಿದರೆ ಬಿಳಿಚಿಕೊಂಡು ಮತ್ತೆ ಕೆಂಪಾಗುವುದಾದರೆ ಭಯವಿಲ್ಲ. ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಆದರೆ ನಮ್ಮ ಬಿಸಿಲನಾಡಿನ ಕಪ್ಪು ಮೈಬಣ್ಣದ ಮೇಲೆ ಆ ಕೆಂಪು ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ನೋಡಬೇಕಾದದ್ದು ಸುತ್ತಲಿನದಕ್ಕಿಂತ ಕಪ್ಪಾದ ಇಲ್ಲವೇ ನೇರಳೆಗೆ ತಿರುಗಿದ ಜಾಗ. ಬೆರಳ ಹಿಂಬದಿಗೆ ತಾಗುವ ಬಿಸಿ. ಒತ್ತಿದರೆ ಗಟ್ಟಿಯೋ ತೀರ ಮೆತ್ತಗೋ ಅನಿಸುವ ಮಾಂಸ. ನಮ್ಮ ಮೇಡಂ ಇದನ್ನು ವಾರ್ಡಿನಲ್ಲಿ ಕೈ ಹಿಡಿದು ತೋರಿಸಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರವೆಲ್ಲ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು ಮೂವತ್ತು ಡಿಗ್ರಿ ಓರೆಯಾಗಿಸಬೇಕು, ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ. ಗಾಳಿಯ ಹಾಸಿಗೆ ತಂದಿದ್ದೇವೆ, ಇನ್ನು ಹೊರಳಿಸುವ ಅಗತ್ಯವಿಲ್ಲ ಎಂದು ನಿಶ್ಚಿಂತರಾಗುವ ಮನೆಗಳಿವೆ. ಆ ಹಾಸಿಗೆ ಇದ್ದರೂ ಹೊರಳಿಸಲೇಬೇಕು. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಪಂಪು ನಿಂತಾಗ, ರೆಗ್ಝಿನ್ ಮೇಲೆ ಬೆವರು ಹರಿಯುವಾಗ, ಎರಡು ಗಂಟೆಯನ್ನೂ ಕಾಯದೆ ಹೊರಳಿಸುತ್ತೇನೆ.

ಇನ್ನು ಆಯಿಯ ವಿಷಯ. ಗುಳೇದಗುಡ್ಡದಲ್ಲಿ ಖಣ ನೇಯ್ದೇ ಬದುಕು ಸವೆಸಿದ ಹಿರಿಯ ಜೀವ. ಎಡಭಾಗಕ್ಕೆ ಲಕ್ವ ಹೊಡೆದ ಮೇಲೆ ನವನಗರದಲ್ಲಿರುವ ಮಗನ ಮನೆಗೆ ಬಂದಿದ್ದರು. ಮಾತು ಸ್ಪಷ್ಟವಾಗಿತ್ತು, ಬಲಗೈ ಚೆನ್ನಾಗಿತ್ತು. ಮನೆಯವರು ನೈಟಿ ತಂದಿಟ್ಟಿದ್ದರು, ಹಾಕಲು ತೆಗೆಯಲು ಸುಲಭ ಎಂದು. ಆಯಿ ಅದನ್ನು ಮೈಗೆ ತಾಗಿಸಲು ಬಿಡಲಿಲ್ಲ. ಊಟ ಬಿಟ್ಟರು, ಮುಖ ತಿರುಗಿಸಿ ಮಲಗಿದರು. ಹಟಮಾರಿ ಮುದುಕಿ ಎಂಬ ಮಾತು ಮನೆಯಲ್ಲಿ ಹುಟ್ಟಿಕೊಂಡಿತ್ತು. ನನಗೆ ಹಾಗೆ ಅನಿಸಲಿಲ್ಲ. ಬುದ್ಧಿ ಬಂದಾಗಿನಿಂದ ಖಣದ ಕುಪ್ಪಸ ತೊಟ್ಟು, ಎದೆಯ ಮೇಲೆ ಗಂಟು ಹಾಕಿಕೊಂಡವರು ಅವರು. ಒಂದು ಕೈ ಹೋಯಿತು, ನಡಿಗೆ ಹೋಯಿತು, ತಮ್ಮ ಮನೆ ಹೋಯಿತು, ಈಗ ಉಡುಪೂ ಹೋಗಲಿ ಎಂದರೆ ಯಾರಾದರೂ ಹೇಗೆ ಒಪ್ಪುತ್ತಾರೆ?

ಲಕ್ವದವರಿಗೆ ಬಟ್ಟೆ ತೊಡಿಸುವಾಗ ಸೋತ ಕೈ ಮೊದಲು, ತೆಗೆಯುವಾಗ ಸೋತ ಕೈ ಕೊನೆಗೆ ಎಂಬುದು ನಿಯಮ. ಬಿಗಿ ತೋಳಿನ ಕುಪ್ಪಸದಲ್ಲಿ ಅದು ಆಗುತ್ತಿರಲಿಲ್ಲ. ಅವರ ಎರಡು ಕುಪ್ಪಸಗಳನ್ನು ಮನೆಗೆ ತಂದು, ಎಡಗಡೆಯ ಹೊಲಿಗೆಯನ್ನು ಕಂಕುಳಿನಿಂದ ತೋಳಿನ ಅಂಚಿನವರೆಗೆ ಬಿಚ್ಚಿ, ಒಂದು ತುಂಡು ಖಣ ಸೇರಿಸಿ ಸಡಿಲ ಮಾಡಿದೆ. ಮುಂದಿನ ಗಂಟನ್ನು ನೋಟಕ್ಕೆ ಹಾಗೆಯೇ ಉಳಿಸಿ, ಅದರ ಅಡಿಯಲ್ಲಿ ವೆಲ್ಕ್ರೋ ಪಟ್ಟಿ ಕೂರಿಸಿದೆ. ಮರುದಿನ ಕೈಗಿತ್ತಾಗ ಆಯಿ ಮೊದಲು ನೋಡಿದ್ದು ಹೊಲಿಗೆಯನ್ನಲ್ಲ. ನಾನು ಸೇರಿಸಿದ್ದ ತುಂಡನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ, “ಇದು ಪವರ್‌ಲೂಮಿನದು, ತಂಗಿ” ಎಂದರು. ಬಂದ ದಿನದಿಂದ ನನ್ನೊಡನೆ ಆಡಿದ ಮೊದಲ ಪೂರ್ತಿ ಮಾತು ಅದು.

ಎಡತೋಳನ್ನು ನಾನು ಏರಿಸಿದೆ. ಬಲತೋಳನ್ನು ಅವರೇ ತೂರಿಸಿಕೊಂಡರು. ವೆಲ್ಕ್ರೋ ಒತ್ತಲು ಹೋದ ನನ್ನ ಕೈಯನ್ನು ಸರಿಸಿ, ತಮ್ಮ ಬಲಗೈಯಿಂದ ತಾವೇ ಅದನ್ನು ಹುಡುಕತೊಡಗಿದರು. ಅಂಚು ತಪ್ಪುತ್ತಿತ್ತು, ಮತ್ತೆ ಹುಡುಕುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಸೊಸೆ, “ಅಕ್ಕಾ, ನೀವೇ ಹಾಕಿಬಿಡಿ, ಬೇಗ ಆಗುತ್ತದೆ” ಎಂದರು. ಅವರಿಗೂ ಅಡುಗೆ, ಮಕ್ಕಳ ಶಾಲೆ ಎಂದು ನೂರು ಕೆಲಸ. ಆದರೂ ನಾನು ಕೈ ಕಟ್ಟಿ ಕೂತೆ. ರೋಗಿಯಿಂದ ಆಗುವುದನ್ನು ನಾವು ಮಾಡಿಬಿಟ್ಟರೆ ನಾಳೆ ಅದು ಅವರಿಂದ ಆಗದ ಪಟ್ಟಿಗೆ ಸೇರುತ್ತದೆ. ಸುಮ್ಮನೆ ಕಾಯುವುದು ಈ ವೃತ್ತಿಯಲ್ಲಿ ಮೈಮುರಿಯುವ ಕೆಲಸಗಳಿಗಿಂತ ಕಷ್ಟ. ತರಬೇತಿ ಇಲ್ಲದಿದ್ದರೆ ನಾನೂ ಸೊಸೆಯಂತೆಯೇ, ಒಳ್ಳೆಯ ಮನಸ್ಸಿನಿಂದಲೇ, ಪಟಕ್ಕನೆ ಹಾಕಿ ಮುಗಿಸುತ್ತಿದ್ದೆ. ಕೆಲವು ವಾರಗಳಲ್ಲಿ ಆಯಿ ಮುಖ ತೊಳೆಯುವುದು, ತಲೆ ಬಾಚಿಕೊಳ್ಳುವುದು, ಮಂಚದ ಅಂಚಿನಲ್ಲಿ ಕೂತು ತಟ್ಟೆಯಿಂದ ಊಟ ಮಾಡುವುದು ಎಲ್ಲವನ್ನೂ ಬಲಗೈಗೆ ರೂಢಿಸಿಕೊಂಡರು.

ಊಟದ ವಿಷಯಕ್ಕೆ ನಮ್ಮ ನಾಡಿನದೇ ಒಂದು ತೊಡಕಿದೆ. ನುಂಗಲು ಕಷ್ಟಪಡುವವರಿಗೆ ಮೆತ್ತಗಿರಲಿ ಎಂದು ನುಚ್ಚು-ಮಜ್ಜಿಗೆ ಕೊಡುವುದು ವಾಡಿಕೆ. ಆರೋಗ್ಯವಂತರಿಗೆ ಅಮೃತ. ಲಕ್ವದವರಿಗೆ ಅದರಲ್ಲಿ ಅಪಾಯ ಹೆಚ್ಚು, ಏಕೆಂದರೆ ಕಾಳು ಬಾಯಲ್ಲಿರುವಾಗಲೇ ತೆಳು ಮಜ್ಜಿಗೆ ಮುಂದೆ ಓಡಿ ಗಂಟಲು ಸೇರಿರುತ್ತದೆ. ಗಟ್ಟಿ ಮತ್ತು ತೆಳು ಬೆರೆತ ಆಹಾರವನ್ನು ಅವರ ಗಂಟಲು ಏಕಕಾಲಕ್ಕೆ ನಿಭಾಯಿಸಲಾರದು. ಅದನ್ನೇ ಗಟ್ಟಿ ಮೊಸರಿನಲ್ಲಿ ನುಣ್ಣಗೆ ಅರೆದು ಒಂದೇ ಹದಕ್ಕೆ ತಂದು ಕೊಡಬಹುದು. ಯಾವ ಹದ ಸುರಕ್ಷಿತ ಎಂದು ವೈದ್ಯರನ್ನೋ, ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಯವರನ್ನೋ ಕೇಳಿ ತಿಳಿದುಕೊಂಡೇ ಮುಂದುವರಿಯಬೇಕು. ಒಣ ಜೋಳದ ರೊಟ್ಟಿಯ ಮಾತಂತೂ ದೂರ ಉಳಿಯಿತು. ಅದಕ್ಕಾಗಿ ಹಿರಿಯರು ಪಡುವ ಹಂಬಲ ನೋಡಿದರೆ ಕರುಳು ಚುರ್ ಎನ್ನುತ್ತದೆ.

ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗಗಳು ಮುಳುಗಡೆಯಾದಾಗ ಸೆಕ್ಟರ್‌ಗಳ ಲೆಕ್ಕದಲ್ಲಿ ಕಟ್ಟಿದ ಊರು ನವನಗರ. ಕಟ್ಟೆಯ ಮೇಲೆ ಕೂತರೆ ನಾಲ್ಕು ಜನ ಮಾತಿಗೆ ಸಿಗುತ್ತಿದ್ದ ಓಣಿಗಳಿಂದ ಬಂದ ಹಿರಿಯರು ಇಲ್ಲಿನ ಅಗಲ ರಸ್ತೆಗಳ ನಡುವೆ ಒಂಟಿಯಾಗಿದ್ದಾರೆ. ಮಕ್ಕಳು ಪುಣೆ, ಬೆಂಗಳೂರು ಸೇರಿರುವ ಮನೆಗಳು ಬೇಕಾದಷ್ಟು. 2011ರ ಜನಗಣತಿಯಲ್ಲಿಯೇ ದೇಶದಲ್ಲಿ ಅರವತ್ತು ದಾಟಿದವರು ಶೇ. 8.6ರಷ್ಟು, ಅಂದರೆ ಹತ್ತು ಕೋಟಿಗೂ ಹೆಚ್ಚು. ಇಷ್ಟು ಜನರ ಮುಪ್ಪನ್ನು ಸೊಸೆಯರ ತಾಳ್ಮೆಯೊಂದರ ಮೇಲೆ ಹೊರಿಸಿ ಕೂತಿದ್ದೇವೆ. ಮುಟ್ಟಿ ತೊಳೆಯುವ ಕೈ ಮಾತ್ರ ಎಲ್ಲರಿಗೂ ಬೇಕು. ಒಂದು ಮನೆಯಲ್ಲಿ ನನಗೆ ಬೇರೆ ಲೋಟ, ಬೇರೆ ತಟ್ಟೆ ಇಟ್ಟಿದ್ದರು, ಅದೂ ಹಿತ್ತಲಿನ ಕಿಟಕಿಯಲ್ಲಿ. ಅವರ ತಂದೆಯ ಬಾಯೊಳಗೆ ಬೆರಳು ಹಾಕಿ ಒಸಡು ಒರೆಸುವ ಕೈ ಅದೇ ತಾನೇ? ಆ ಮನೆಗೆ ನಾನು ಮತ್ತೆ ಹೋಗಲಿಲ್ಲ, ರೋಗಿಯನ್ನು ಬಿಟ್ಟು ಬಂದ ನೋವು ಈಗಲೂ ಇದೆ.

ಎಲ್ಲಿ ನಿಲ್ಲಬೇಕು ಎಂಬುದನ್ನೂ ತರಬೇತಿಯೇ ಕಲಿಸಬೇಕು. ಇಂಜೆಕ್ಷನ್ ಹಾಕುವುದು, ಮೂಗಿನ ನಳಿಕೆ ಇಳಿಸುವುದು, ಕ್ಯಾಥೆಟರ್ ಕೂರಿಸುವುದು, ಮಾತ್ರೆಯ ಪ್ರಮಾಣ ಬದಲಿಸುವುದು ನಮ್ಮ ಕೆಲಸವಲ್ಲ. ಕ್ಯಾಥೆಟರಿನ ಚೀಲ ಮೂತ್ರಕೋಶಕ್ಕಿಂತ ಕೆಳಗಿರುವಂತೆ, ನೆಲಕ್ಕೆ ತಾಗದಂತೆ ನೋಡಿಕೊಂಡು, ಎಷ್ಟು ತುಂಬಿತು ಎಂದು ಬರೆದಿಡುವುದು ನಮ್ಮದು. “ನರ್ಸ್‌ಗೆ ಮತ್ತೆ ಹಣ ಏಕೆ, ನಿಮಗೆ ಗೊತ್ತಲ್ಲ, ಒಂದು ಸೂಜಿ ಚುಚ್ಚಿಬಿಡಿ” ಎನ್ನುವ ಮನೆಯವರ ಮುಂದೆ ಇಲ್ಲ ಎಂದು ನಿಲ್ಲಲು ಧೈರ್ಯ ಬೇಕು. ನರ್ಸ್‌ಗಳಿಗೆ ರಾಜ್ಯದ ಶುಶ್ರೂಷಾ ಪರಿಷತ್ತಿನ ನೋಂದಣಿ ಇದೆ. ನಮ್ಮಂಥವರಿಗೆ ಅಂಥದ್ದಿಲ್ಲ, ಏನಾದರೂ ಆದರೆ ನಮ್ಮ ಪರ ನಿಲ್ಲುವವರೂ ಇಲ್ಲ. ಕೆನಡಾದ ಒಂಟಾರಿಯೊದಲ್ಲಿ ಇದೇ ಕೆಲಸದವರನ್ನು ಪರ್ಸನಲ್ ಸಪೋರ್ಟ್ ವರ್ಕರ್ ಎನ್ನುತ್ತಾರೆ. 2024ರ ಡಿಸೆಂಬರ್‌ನಿಂದ ಅಲ್ಲಿ ಇವರ ನೋಂದಣಿಗೆಂದೇ ಒಂದು ಪ್ರಾಧಿಕಾರ ಕೆಲಸ ಶುರು ಮಾಡಿದೆ. ಅಮೆರಿಕದಲ್ಲಿ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಸಹಾಯಕರಾಗುವವರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಕಡ್ಡಾಯ ಎಂದು ಕಾನೂನೇ ಇದೆ. ನಮ್ಮಲ್ಲಿ ಇಂದು ಬೆಳಿಗ್ಗೆ ಏಜೆನ್ಸಿಗೆ ಹೆಸರು ಕೊಟ್ಟವರನ್ನು ಸಂಜೆಗೆ ರೋಗಿಯ ಪಕ್ಕ ಕೂರಿಸಿದರೂ ಕೇಳುವವರಿಲ್ಲ. ಅಂಥ ಹುಡುಗಿಗೂ ನನಗೂ ಒಂದೇ ಪಗಾರ, ಅದರಲ್ಲಿ ಏಜೆನ್ಸಿಗೆ ಪಾಲು. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ. ನನಗಿಂತ ಹೆಚ್ಚಾಗಿ ಆ ಹುಡುಗಿಗೆ, ಅವಳಿಗಿಂತ ಹೆಚ್ಚಾಗಿ ಆ ರೋಗಿಗೆ.

ಎಲ್ಲ ಮನೆಗಳೂ ನಮ್ಮಂಥವರನ್ನು ಇಟ್ಟುಕೊಳ್ಳಲಾರವು. ಆದ್ದರಿಂದ ಆಸ್ಪತ್ರೆಗಳಲ್ಲಿ ಒಂದು ಕೆಲಸ ಆಗಬೇಕು ಎಂದು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಲಕ್ವದ ರೋಗಿಯನ್ನು ಬಿಡುಗಡೆ ಮಾಡುವ ದಿನ ಬಿಲ್ಲು, ಮಾತ್ರೆ ಚೀಟಿ ಕೊಟ್ಟು ಕಳಿಸುವ ಮೊದಲು ಮನೆಯವರನ್ನು ಮಂಚದ ಬಳಿ ನಿಲ್ಲಿಸಿ, ಹೊರಳಿಸುವುದು, ಕೂರಿಸುವುದು, ಕುರ್ಚಿಗೆ ದಾಟಿಸುವುದು, ಕೂರಿಸಿ ತಿನ್ನಿಸುವುದು, ಇಷ್ಟನ್ನು ಅವರ ಕೈಯಿಂದಲೇ ಮಾಡಿಸಬೇಕು. ಬಾಯಲ್ಲಿ ಹೇಳಿದರೆ ಮನೆ ಮುಟ್ಟುವಷ್ಟರಲ್ಲಿ ಮರೆತಿರುತ್ತದೆ. ಆಯಿಯ ಸೊಸೆಗೆ ನಾನು ಹಾಗೆಯೇ ಕಲಿಸಿದೆ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಬಲವಿರುವ ಕಡೆಗೆ ಕುರ್ಚಿ ಇಟ್ಟು, ಸೊಂಟಕ್ಕೆ ಕಟ್ಟಿದ ಅಗಲ ಪಟ್ಟಿ ಹಿಡಿದು ಎಬ್ಬಿಸುವುದನ್ನು ಅವರು ನನಗಿಂತ ಚೆನ್ನಾಗಿ ಮಾಡುತ್ತಾರೆ. ಆಯಿಯ ಭುಜ ಇವತ್ತಿಗೂ ಜಾರಿಲ್ಲ.

ಈ ತರಬೇತಿಗೆ ಸೇರಬೇಕೆಂದು ವಿಚಾರಿಸುವ ಹೆಣ್ಣುಮಕ್ಕಳು, ಈಚೆಗೆ ಗಂಡುಹುಡುಗರೂ, ಫೋನ್ ಮಾಡುತ್ತಾರೆ. ಗಂಡಸರು ಬರಲಿ, ಮಲಗಿದ ಅಜ್ಜಂದಿರಿಗೆ ಗಂಡಾಳಿನ ಸಹಾಯವೇ ಹೆಚ್ಚು ಮುಜುಗರವಿಲ್ಲದ್ದು. ಅವರಿಗೆಲ್ಲ ನಾನು ಹೇಳುವುದು ಇಷ್ಟು: ಶುಲ್ಕ ಕಟ್ಟುವ ಮೊದಲು ತರಬೇತಿ ಕೇಂದ್ರಕ್ಕೆ ಖುದ್ದಾಗಿ ಹೋಗಿ. ಅಭ್ಯಾಸಕ್ಕೆ ಮಂಚ, ಗೊಂಬೆ, ಗಾಲಿಕುರ್ಚಿ ಇವೆಯೇ ನೋಡಿ. ಕಲಿಸುವವರು ವಾರ್ಡಿನಲ್ಲಿ ಕೆಲಸ ಮಾಡಿದವರೇ ಎಂದು ಕೇಳಿ. ಯಾವ ಆಸ್ಪತ್ರೆಗೆ, ಎಷ್ಟು ದಿನ ಕಳಿಸುತ್ತಾರೆ, ಅಲ್ಲಿ ರೋಗಿಯನ್ನು ಮುಟ್ಟಲು ಬಿಡುತ್ತಾರೋ ಬರೀ ನಿಲ್ಲಿಸಿಕೊಳ್ಳುತ್ತಾರೋ ಎಂದು ಹಿಂದಿನ ಬ್ಯಾಚಿನವರನ್ನು ವಿಚಾರಿಸಿ. ಪ್ರಮಾಣಪತ್ರ ಯಾರು ಕೊಡುತ್ತಾರೆ, ಪರೀಕ್ಷೆ ಮಾಡುವವರು ಹೊರಗಿನವರೋ ಅದೇ ಕೇಂದ್ರದವರೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬರೀ ವಿಡಿಯೋ ತೋರಿಸಿ ಕಳಿಸುವ ಕೇಂದ್ರವಾದರೆ ಹಣ ಕಟ್ಟಬೇಡಿ.